ಬೋರಲಿಂಗನೂ ಅರ್ಧ ಬಾವಿಯೂ

ಬೋರಲಿಂಗ ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಮಂಗಳವಾರ, ಸಂತೇಪೇಟೆಯಲ್ಲಿ ಸಂತೆ ಸೇರುವ ದಿನ. ಅವತ್ತು ಬೆಳಿಗ್ಗೆ ಅವನ ಅವ್ವ ದ್ಯಾವೀರಮ್ಮ, ಇಡ್ಲಿ ಅಂಗಡಿಯವಳು, ಹಿಟ್ಟಿನ ಪಾತ್ರೆ ಅವನ ಮುಂದಿಟ್ಟು, "ಉಪ್ಪು ಹಾಕ್ತಾ ಇರ್ಲಾ, ನಾನು ಸಾಕು ಅಂತೀನಿ" ಅಂದಳು. ಅಂದವಳು ಗಿರಾಕಿ ಜೊತೆ ಮಾತಿಗೆ ನಿಂತಳು. ಸಾಕು ಅನ್ನೋದು ಮರೆತಳು. ಬೋರಲಿಂಗ ಹಾಕಿದ, ಹಾಕಿದ, ಹಾಕುತ್ತಲೇ ಇದ್ದ. ಡಬ್ಬಿ ಉಪ್ಪು ಮುಗಿಯಿತು. ಪಕ್ಕದ ಅಂಗಡಿಯಿಂದ ಕಡ ತಂದು ಹಾಕಿದ.

ಅವತ್ತಿನ ಇಡ್ಲಿ ತಿಂದವರು ಮಧ್ಯಾಹ್ನದವರೆಗೂ ಬೀದಿ ನಲ್ಲಿಯ ಹತ್ತಿರವೇ ನಿಂತಿದ್ದರು.

"ಲೇ ಮಂಕೇ, ನನ್ನ ಕಣ್ಣಿಗೆ ಕಾಣದಂಗೆ ಹೋಗ್ಲಾ ಅತ್ಲಾಗೆ" ಅಂದಳು ಅವ್ವ.

"ಹಂಗೇ ಆಗ್ಲವ್ವಾ" ಅಂದ ಮಗ. ಹೊರಟ.

ಬೀದಿ ಕೊನೆಗೆ ಹೋಗಿ ತಿರುಗಿ ನಿಂತು ಕೂಗಿದ. "ಈಗ ಕಾಣ್ತೀನೇನವ್ವಾ?"

"ಕಾಣ್ತೀಯಲ್ಲ, ನನ್ನ ಕರ್ಮ."

ಹುಣಸೆ ಮರದ ತನಕ ಹೋಗಿ ಕೂಗಿದ. "ಈಗ?"

"ಈಗ್ಲೂ ಕಾಣ್ತೀಯ."

ಊರಾಚೆ ದಿಬ್ಬ ಹತ್ತಿದ, ಆ ಕಡೆ ಇಳಿದ, ಕೂಗಿದ. ಉತ್ತರ ಬರಲಿಲ್ಲ. ಸದ್ಯ, ಅವ್ವ ಹೇಳಿದ ಕೆಲಸ ಆಯಿತಲ್ಲ ಅಂತ ಅವನಿಗೆ ಸಮಾಧಾನ. ಆದರೆ ಮತ್ತೆ ಬಾ ಅಂತ ಅವ್ವ ಹೇಳಿರಲಿಲ್ಲ. ಅದಕ್ಕೇ ಹೋಗುತ್ತಲೇ ಇದ್ದ.

ಓದು ಅವನಿಗೆ ಅಷ್ಟೊತ್ತಿಗಾಗಲೇ ತೀರಿತ್ತು. "ಅಪ್ಪನ್ನ ಕರ್ಕೊಂಡು ಬರೋವರೆಗೂ ಒಳಗೆ ಕಾಲಿಡಬೇಡ" ಅಂದಿದ್ದರು ಮೇಷ್ಟ್ರು. ಅಪ್ಪ ತೀರಿಕೊಂಡು ಆಗಲೇ ಬಹಳ ಕಾಲ ಆಗಿತ್ತು. ಹುಡುಗ ಕಾಲಿಡಲಿಲ್ಲ, ಅಷ್ಟೆ. ಸ್ಲೇಟು ಕಡ್ಡಿ ಎಲ್ಲ ಇನ್ನೂ ಒಳಗೇ ಇತ್ತು.

ಹೋದವನು ಕುರಿಯವರ ಜೊತೆ ತಿರುಗಿದ, ಮೆಣಸಿನಕಾಯಿ ಲಾರಿಯ ಮೇಲೆ ಮಲಗಿ ಊರೂರು ನೋಡಿದ, ಟೆಂಟು ನಾಟಕದ ಕಂಪನಿಯಲ್ಲಿ ಪರದೆ ಎಳೆದ. ಎಳಿ ಅಂದಾಗ ಎಳೆದು, ಬಿಡು ಅಂತ ಯಾರೂ ಹೇಳಲಿಲ್ಲ ಅಂತ ಹಿಡಿದೇ ನಿಂತಿದ್ದಕ್ಕೆ ಒಂದು ಪೂರ್ತಿ ನಾಟಕ ಪರದೆಯ ಹಿಂದೆಯೇ ನಡೆದುಹೋಯಿತು. ಅಲ್ಲಿಂದಲೂ ಕಳಿಸಿದರು. ಕೊನೆಗೆ ಯಾವುದೋ ಬಸ್ ನಿಲ್ದಾಣದಲ್ಲಿ ಊರಿನವರೊಬ್ಬರು ಸಿಕ್ಕಿ, "ನಿಮ್ಮವ್ವ ನಿನ್ನ ನೋಡ್ಬೇಕು ಅಂತ ಹಂಬಲಿಸ್ತಾವಳೆ, ಹೋಗಪ್ಪಾ" ಅಂದರು.

"ಹಂಗೇ ಆಗ್ಲಿ" ಅಂದ. ಬಂದ.

ಅವ್ವ ಅತ್ತಳು, ಉಣ್ಣಿಸಿದಳು, ತಲೆ ನೇವರಿಸಿದಳು. ಆಮೇಲೆ ಮಗನ ಮುಖವನ್ನೇ ನೋಡಿ, "ಊರೆಲ್ಲಾ ಸುತ್ತಿ ಬಂದೆಯಲ್ಲ, ಬುದ್ಧಿ ಏನಾದ್ರೂ ಬಂತೇನ್ಲಾ?" ಅಂದಳು.

"ದಾರೀಲಿ ಎಲ್ಲೂ ಸಿಗ್ಲಿಲ್ಲ ಕಣವ್ವ. ಸಿಕ್ಕಿದ್ರೆ ತತ್ತಿದ್ದೆ."

ದ್ಯಾವೀರಮ್ಮ ಹಣೆ ಒತ್ತಿಕೊಂಡಳು.

ಈಗ ಅವಳ ಸಂಕಟ ಏನು ಅನ್ನೋದನ್ನ ಕೇಳಿ. ಈ ಹೆಂಗಸು ಹುಟ್ಟಿದಾಗಿನಿಂದ ಬೀದಿ ನಲ್ಲಿಯ ಮುಂದೆ ಕೊಡ ಸಾಲಿಗಿಟ್ಟವಳು. ಇಟ್ಟ ಕೊಡವನ್ನು ಇನ್ನೊಬ್ಬಳು ಕಾಲಲ್ಲಿ ತಳ್ಳೋದು, ಇವಳು ಬೈಯೋದು, ಅಷ್ಟರಲ್ಲಿ ನೀರು ನಿಂತುಹೋಗೋದು. ಇಡ್ಲಿ ಮಾರಿ ಮಾರಿ ಕೂಡಿಟ್ಟಿದ್ದರಲ್ಲಿ ಅವಳಿಗೆ ಒಂದೇ ಆಸೆ: ಒಂದು ಮನೆ, ಅದರ ಹಿತ್ತಲಲ್ಲಿ ತನ್ನದೇ ಒಂದು ಬಾವಿ, ಬೇಕೆಂದಾಗ ಸೇದೋದು, ಬೇಡವೆಂದಾಗ ಕಟ್ಟೆ ಮೇಲೆ ಕೂರೋದು. ಅಂಥ ಮನೆ ಒಂದು ಸಿಕ್ಕಿತ್ತು. ಬೆಳಿಗ್ಗೆ ಹೊರಟರೆ ಬಿಸಿಲೇರುವ ಹೊತ್ತಿಗೆ ಸಿಗುವ ತೊರೆಪಾಳ್ಯ ಅನ್ನೋ ಹಳ್ಳಿಯಲ್ಲಿ, ಚೌಡಪ್ಪ ಅನ್ನೋನ ಮನೆ. "ಅಮಾವಾಸ್ಯೆ ಕಳೀತಿದ್ದಂಗೇ ಪ್ಯಾಟೆಯೋರು ಮನೆ ಕೊಳ್ಳೋಕೆ ಬತ್ತಾರೆ ಕಣಮ್ಮ. ಅಷ್ಟ್ರೊಳಗೆ ಆಗುತ್ತೆ ಅಂದ್ರೆ ಆಗುತ್ತೆ ಅನ್ನು" ಅಂದಿದ್ದ ಚೌಡಪ್ಪ.

ಮನೆ ಹೇಗಾದರೂ ಇರಲಿ, ಗೋಡೆ ಬಿದ್ದರೆ ಕಟ್ಟಬಹುದು. ಬಾವಿ ನೀರು ಕೆಟ್ಟದಾದರೆ? ಕೂಡಿಟ್ಟಿದ್ದೆಲ್ಲಾ ಒಂದು ಉಪ್ಪು ಗುಂಡಿಗೆ ಸುರಿದ ಹಾಗೆ. ನೋಡಿಬರೋಣವೆಂದರೆ ಅವಳಿಗೆ ಮಂಡಿ ನೋವು, ಬೀದಿ ದಾಟೋದೇ ಕಷ್ಟ. ಬೇರೆಯವರನ್ನು ಕಳಿಸಿದರೆ, ಬಾವಿ ಚೆನ್ನಾಗಿದ್ದರೆ ಅವರೇ ಕೊಂಡುಬಿಟ್ಟಾರು ಅಂತ ಭಯ. ಉಳಿದವನು ಮಗ.

"ಬೋರ, ತೊರೆಪಾಳ್ಯಕ್ಕೆ ಹೋಗಿ ಚೌಡಪ್ಪನ ಮನೆ ಬಾವಿ ನೋಡ್ಕೊಂಡು ಬಾ."

"ಹಂಗೇ ಆಗ್ಲವ್ವಾ."

ಹೋದ. ಬಾವಿ ಇತ್ತು. ನೋಡಿದ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ಕುಕ್ಕರಗಾಲಲ್ಲಿ ಕೂತು ನೋಡಿದ. ಬಿಸಿಲು ನೆತ್ತಿಗೆ ಬಂತು, ಟವೆಲ್ ತಲೆಗೆ ಹಾಕಿಕೊಂಡು ನೋಡಿದ.

ಚೌಡಪ್ಪ ಎಲೆಯಡಿಕೆ ಹಾಕಿಕೊಂಡು ಬಂದ. "ಏನಪ್ಪಾ ನೋಡ್ತಾ ಇದ್ದೀಯ?"

"ಬಾವಿ."

"ಇನ್ನೂ ನೋಡಿ ಆಗ್ಲಿಲ್ವಾ?"

"ಎಷ್ಟೊತ್ತು ನೋಡ್ಬೇಕು ಅಂತ ನಮ್ಮವ್ವ ಹೇಳಿಲ್ಲ. ಕಮ್ಮಿ ಆಗೋದು ಬೇಡ ಅಂತ ನೋಡ್ತಿದೀನಿ."

ಸಂಜೆ ಮನೆಗೆ ಬಂದ. ಅವ್ವ ಬಾಗಿಲಲ್ಲೇ ಕಾದಿದ್ದಳು. "ನೋಡಿದ್ಯೇನ್ಲಾ?"

"ನೋಡ್ದೆ ಕಣವ್ವ. ಚೆನ್ನಾಗಿ ನೋಡ್ದೆ."

"ಹೆಂಗೈತೆ?"

"ದುಂಡಗೈತೆ."

"ನೀರು ಎಷ್ಟು ಆಳದಲ್ಲೈತೆ?"

"ಬಗ್ಗಿ ನೋಡು ಅಂತ ನೀನು ಹೇಳ್ಲಿಲ್ವಲ್ಲವ್ವಾ."

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಮರದ ತುಂಡೇ. ಕಲ್ಲುಕಟ್ಟಡ ನೋಡೋಕೆ ಕಳಿಸಿದ್ನೇನ್ಲಾ ನಾನು? ಅಲ್ಲಿಗೆ ಹೋದೋನು ಚೊಂಬು ತುಂಬಿಸ್ಕೊಂಡು, ಅದರ ಬಾಯಿಗೆ ಬಟ್ಟೆ ಕಟ್ಟಿ, ಒಂದು ತೊಟ್ಟೂ ಚೆಲ್ಲದಂಗೆ ತಲೆ ಮೇಲೆ ಹೊತ್ಕೊಂಡು ಬರ್ಬೇಕು. ತಿಳೀತಾ?"

"ತಿಳೀತವ್ವಾ. ಹಂಗೇ ಆಗ್ಲಿ."

ಬೆಳಿಗ್ಗೆ ಇಡ್ಲಿ ಬೇಯಿಸುತ್ತಾ ದ್ಯಾವೀರಮ್ಮನಿಗೆ ಇನ್ನೊಂದು ಯೋಚನೆ ಬಂತು. ನೀರನ್ನ ನಾಳೆ ತರಿಸಬಹುದು, ಮೊದಲು ಅದರ ಚರಿತ್ರೆ ತಿಳೀಬೇಕು. ಬೇಸಿಗೇಲಿ ಬತ್ತುತ್ತಾ, ಮಳೆಗಾಲದಲ್ಲಿ ಕೆಂಪಾಗುತ್ತಾ, ಅದನ್ನೆಲ್ಲ ಮಾರೋನು ಹೇಳಲ್ಲ. ಪಕ್ಕದ ಮನೆಯವರು ಹೇಳ್ತಾರೆ.

"ಬೋರ, ಚೌಡಪ್ಪನ ಪಕ್ಕದ ಮನೇಲಿ ಪುಟ್ಟೀರಜ್ಜಿ ಅಂತ ಇದ್ದಾಳಂತೆ. ಆ ಬಾವಿ ವಿಷಯ ಅವಳು ಏನು ಹೇಳ್ತಾಳೋ ಅದನ್ನ ತಗೊಂಡು ಬಾ."

"ಹಂಗೇ ಆಗ್ಲವ್ವಾ" ಅಂದ. ಚೊಂಬು ತಗೊಂಡ, ಬಟ್ಟೆ ತಗೊಂಡ, ಹೊರಟ.

ಪುಟ್ಟೀರಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬೋರಲಿಂಗ ಮುಂದೆ ಹೋಗಿ ನಿಂತ. "ಅಜ್ಜಿ, ಬಾವಿ ವಿಷಯ ಹೇಳು."

"ಹೇಳಾಣ ಬಾರಪ್ಪಾ, ಯಾರ ಮಗ ನೀನು?" ಅಂತ ಬಾಯಿ ತೆರೆದಳು ಅಜ್ಜಿ. ಅಷ್ಟರಲ್ಲಿ ಚೊಂಬು ಅವಳ ಬಾಯಿಗೇ ಬಂತು.

"ಇದ್ರೊಳಗೆ ಹೇಳಜ್ಜಿ."

"ಇದ್ರೊಳಗಾ?"

"ಹೂಂ. ಆಚೆ ಚೆಲ್ಲಬಾರ್ದಂತೆ."

ಅಜ್ಜಿಗೆ ಬಹಳ ದಿನದಿಂದ ನಗು ಬಂದಿರಲಿಲ್ಲ. ಇವತ್ತು ಬಂತು. ಆದರೂ ಕೇಳಿದ್ದಕ್ಕೆ ಉತ್ತರ ಕೊಡುವ ಹೆಂಗಸು ಅವಳು. ಚೊಂಬಿನ ಬಾಯಿಗೆ ಬಾಯಿಟ್ಟು ಹೇಳಿದಳು: "ಈ ಬಾವಿ ಎಂಥಾ ಬೇಸಿಗೇಲೂ ಬತ್ತಿಲ್ಲ ಕಣಪ್ಪಾ. ನೀರು ಎಳನೀರು. ತಿಪ್ಪೆ ಮಾತ್ರ ಬಾವಿ ಮಗ್ಗುಲಲ್ಲೇ ಹಾಕವ್ನೆ ಚೌಡಪ್ಪ, ಅದು ಒಳ್ಳೇದಲ್ಲ. ಇನ್ನೊಂದು ಮಾತು. ಬಾವಿ ಪೂರ್ತಿ ಅವನದಲ್ಲ. ನಮ್ಮ ಯಜಮಾನರೂ ಅವರಪ್ಪನೂ ಸೇರಿ ತೋಡಿಸಿದ್ದು. ಅರ್ಧ ನಂದು. ಅದನ್ನ ಅವನು ಹೇಳಿರಲ್ಲ, ನಿಮ್ಮವ್ವಂಗೆ ನೀನು ಹೇಳು."

ಅಜ್ಜಿ ಹೇಳುವಷ್ಟು ಹೊತ್ತೂ ಬೋರಲಿಂಗ ಕಣ್ಣು ಮುಚ್ಚಿ, ತಲೆ ಅತ್ತ ತಿರುಗಿಸಿ, ಒಂದು ಕಿವಿಯನ್ನು ಹೆಗಲಿಗೆ ಒತ್ತಿ, ಇನ್ನೊಂದಕ್ಕೆ ಬೆರಳಿಟ್ಟುಕೊಂಡಿದ್ದ. ಅವಳು ನಿಲ್ಲಿಸಿದ ತಕ್ಷಣ ಬಟ್ಟೆ ಕಟ್ಟಿದ, ಬಿಗಿದ, ತಲೆ ಮೇಲೆ ಹೊತ್ತ. ದಾರಿಯುದ್ದಕ್ಕೂ ಮೆಲ್ಲಗೆ, ಮೆಲ್ಲಗೆ, ಕಲ್ಲು ಕಂಡರೆ ಬಳಸಿ, ಹಳ್ಳ ಕಂಡರೆ ಸುತ್ತಿ, ಮನೆಗೆ ಬಂದ.

"ತಂದೆ ಕಣವ್ವ. ಒಂದು ಮಾತೂ ಚೆಲ್ಲಿಲ್ಲ."

ದ್ಯಾವೀರಮ್ಮ ಬಟ್ಟೆ ಬಿಚ್ಚಿದಳು. ಒಳಗೆ ನೋಡಿದಳು. ಬುಡ ಮೇಲು ಮಾಡಿದಳು. ಒಂದು ಅವರೆಕಾಳು ಬಿತ್ತು.

"ಏನ್ಲಾ ಇದು?"

"ಅಜ್ಜಿ ಹೇಳಿದ್ದು ಎಲ್ಲಾ ಅದ್ರೊಳಗೇ ಐತೆ."

"ಅವಳು ಏನಂದ್ಲು, ಅದನ್ನ ಹೇಳು."

"ನನಗೆ ಹೆಂಗೆ ಗೊತ್ತಾಗ್ಬೇಕವ್ವಾ? ನನ್ನ ಕಿವಿಗೆ ಸ್ವಲ್ಪ ಹೋದ್ರೆ ಅಷ್ಟು ಕಮ್ಮಿ ಆಗಲ್ವಾ? ಅದಕ್ಕೇ ಕಿವಿ ಮುಚ್ಕೊಂಡಿದ್ದೆ."

ಅವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಬಾವಿಯ ಸುದ್ದಿಯೆಲ್ಲಾ ಒಂದು ಚೊಂಬಿನೊಳಗೆ ಬಂದು ಆವಿಯಾಗಿ ಹೋಗಿತ್ತು.

"ಕೇಳಿಸ್ಕೊಳ್ಲಾ ಇಲ್ಲಿ. ಅಲ್ಲಿಂದ ತರೋದನ್ನ ಚೊಂಬಲ್ಲಿ ತರಬಾರ್ದು. ಬಾಯಲ್ಲಿ ಇಟ್ಕೊಂಡು ಬರ್ಬೇಕು. ದಾರಿಯುದ್ದಕ್ಕೂ ಬಾಯಲ್ಲೇ ಇರ್ಬೇಕು. ಯಾರು ಮಾತಾಡಿಸಿದ್ರೂ ಬೇರೆ ಮಾತಿಗೆ ಬಾಯಿ ಬಿಡಕೂಡದು. ತಿಳೀತಾ?"

"ತಿಳೀತವ್ವಾ. ಹಂಗೇ ಆಗ್ಲಿ."

ಮಾರನೇ ದಿನ ಅವಳು ಅಂದುಕೊಂಡಳು, ಈ ಮಾತಿನ ಗೊಡವೆಯೇ ಬೇಡ. ನೀರನ್ನೇ ನಾಲಿಗೆ ಮೇಲೆ ಇಟ್ಟು ನೋಡಿಬಿಡೋಣ. ಇಡ್ಲಿ ಮಾಡೋಳ ನಾಲಿಗೆಗೆ ಗೊತ್ತಾಗಲ್ವಾ, ಸಿಹಿ ಯಾವುದು ಸವುಳು ಯಾವುದು ಅಂತ.

"ಬೋರ, ಇವತ್ತು ಆ ಬಾವಿ ನೀರು ತಗೊಂಡು ಬಾ."

ಬರಿಗೈಲಿ ಹೋದ ಮಗನನ್ನು ನೋಡಿದಾಗಲೇ ಅವಳಿಗೆ ತಿಳೀಬೇಕಿತ್ತು. ತಿಳೀಲಿಲ್ಲ.

ತೊರೆಪಾಳ್ಯದಲ್ಲಿ ಒಂದು ಬಿಂದಿಗೆ ಸೇದಿದ, ಬಾಯಿ ತುಂಬಾ ತುಂಬಿಸಿದ, ಎರಡು ಕೆನ್ನೆಯೂ ಬೋಂಡದ ಹಾಗೆ ಊದಿತು. ಹೊರಟ.

ಎಲೆಯಡಿಕೆ ಮಾರುವ ನಂಜಕ್ಕ ಎದುರು ಸಿಕ್ಕಳು. "ಏನ್ ಬೋರಲಿಂಗ, ದವಡೆ ಊದೈತಲ್ಲೋ? ಹಲ್ಲುನೋವಾ?"

ಬೋರಲಿಂಗ ಇಲ್ಲ ಅಂತ ತಲೆ ಆಡಿಸಿದ.

"ಪಾಪ, ಮಾತಾಡಕೂ ಆಗಲ್ಲ ನೋಡು" ಅಂತ ಅವಳು ಒಂದು ಲವಂಗ ತೆಗೆದು ಅವನ ತುಟಿ ಸಂದಿಯಲ್ಲಿ ತುರುಕಿಬಿಟ್ಟಳು. ಮುಂದೆ ಗಾಡಿ ಹೊಡೆಯುವ ಮುದುಕ ಸಿಕ್ಕ. "ಈ ದವಡೆ ಬಾವಿಗೆ ಗಾಳಿ ಸೋಕಬಾರ್ದು ಕಣಪ್ಪಾ" ಅಂತ ತನ್ನ ತಲೆವಸ್ತ್ರವನ್ನೇ ಬಿಚ್ಚಿ ಗಲ್ಲದ ಕೆಳಗಿಂದ ನೆತ್ತಿಗೆ ಗಂಟು ಹಾಕಿದ. ಸಂತೇಪೇಟೆ ಸೇರುವಷ್ಟರಲ್ಲಿ ಬೀದಿಯವರೆಲ್ಲಾ, "ದ್ಯಾವೀರಮ್ಮ, ನಿನ್ನ ಮಗನಿಗೆ ಏನೋ ಆಗೈತೆ, ನೋಡೇ" ಅಂತ ಕೂಗುತ್ತಿದ್ದರು.

ಅವ್ವ ಗಾಬರಿಯಾಗಿ ಬಂದಳು. "ಏನಾಯ್ತೋ ಮಗಾ? ನೀರೆಲ್ಲಿ?"

ಮಗ ಬಾಯಿ ತೋರಿಸಿದ. ಅವ್ವನಿಗೆ ಅರ್ಥವಾಗಲಿಲ್ಲ. "ಬಾಯಿ ಬಿಟ್ಟು ಹೇಳ್ಲಾ" ಅಂದಳು.

ಅವ್ವ ಹೇಳಿದ ಮೇಲೆ ಆಯಿತಲ್ಲ. ಗುಟುಕ್ ಅಂತ ನುಂಗಿದ. "ಇಲ್ಲೇ ಇತ್ತು ಕಣವ್ವ. ಈಗ ತಾನೆ ಹೋಯ್ತು."

ದ್ಯಾವೀರಮ್ಮ ಇರೋ ಆಸೆಯನ್ನೆಲ್ಲಾ ಒಟ್ಟುಮಾಡಿ ಕೇಳಿದಳು. "ಹೋಗ್ಲಿ ಬಿಡು. ರುಚಿ ಹೆಂಗಿತ್ತು, ಅದನ್ನಾದ್ರೂ ಹೇಳು."

"ಹೊರಟಾಗ ತಣ್ಣಗಿತ್ತು. ಪಾಳ್ಯ ದಾಟೋಷ್ಟೊತ್ತಿಗೆ ಬೆಚ್ಚಗಾಯ್ತು. ನಂಜಕ್ಕ ಸಿಕ್ಕ ಮೇಲೆ ಖಾರ ಆಯ್ತು. ಒಂದೇ ತರ ಇರೋ ನೀರಲ್ಲ ಕಣವ್ವ ಅದು."

"ಖಾರದ ನೀರಿನ ಬಾವಿ" ಅಂದಳು ಅವ್ವ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಅಮಾವಾಸ್ಯೆಗೆ ಇನ್ನು ಒಂದೇ ದಿನ. ಒಳಗೆ ಹೋಗಿ ಒಂದು ಪಾವು ತೊಗರಿಬೇಳೆ ಗಂಟು ಕಟ್ಟಿ ತಂದಳು. ಅವಳ ಕಾಲದ ಹೆಂಗಸರು ನೀರು ಪರೀಕ್ಷೆ ಮಾಡೋದು ಬೇಳೆಯಿಂದ. ಸಿಹಿನೀರಾದರೆ ಬೇಳೆ ಬೆಂದು ಬೆಣ್ಣೆಯಾಗುತ್ತೆ. ಗಡಸು ನೀರಾದರೆ ಎಷ್ಟು ಸೌದೆ ಉರಿಸಿದರೂ ಕಲ್ಲು ಕಲ್ಲಾಗೇ ಉಳಿಯುತ್ತೆ.

"ಇನ್ನು ಏನನ್ನೂ ತರೋದು ಬೇಡ ಕಣಪ್ಪಾ. ಅಲ್ಲೇ ಹಾಕು, ಅಲ್ಲೇ ನೋಡು. ಈ ಬೇಳೇನ ಆ ಬಾವಿ ನೀರಿಗೆ ಹಾಕು. ಬೆಂದು ಕರಗುತ್ತೋ, ಕಲ್ಲಿನಂಗೆ ಉಳಿಯುತ್ತೋ ನೋಡು. ಬೇಯೋವರೆಗೂ ಅಲ್ಲಿಂದ ಏಳಬೇಡ."

"ಹಂಗೇ ಆಗ್ಲವ್ವಾ."

ನೀವು ಊಹಿಸಿದ್ದೇ ಸರಿ. ಹೋದ, ಗಂಟು ಬಿಚ್ಚಿದ, ಬೇಳೆಯನ್ನೆಲ್ಲಾ ಸುರ್ ಅಂತ ಬಾವಿಗೆ ಸುರಿದ. ಕಟ್ಟೆ ಮೇಲೆ ಕೂತ. ಬಗ್ಗಿ ನೋಡಿದ, ಬೆಂದಿರಲಿಲ್ಲ. ಇನ್ನಷ್ಟು ಹೊತ್ತು ಕೂತ. ಬಗ್ಗಿ ನೋಡಿದ, ಬೆಂದಿರಲಿಲ್ಲ.

ಚೌಡಪ್ಪ ಬಂದ. "ಇವತ್ತೇನಪ್ಪಾ?"

"ಬೇಳೆ ಬೇಯ್ತಾ ಇದೆ."

"ಎಲ್ಲಿ?"

"ಬಾವೀಲಿ. ಉರಿ ಹಾಕೋಕೆ ಕೆಳಗೆ ಹೋಗೋ ದಾರಿ ಯಾವ ಕಡೆ ಐತೆ ಗೌಡ್ರೇ?"

ಚೌಡಪ್ಪ ಬಗ್ಗಿ ನೋಡಿದ. ತೊಗರಿಬೇಳೆ ಒಂದಿಷ್ಟು ತೇಲುತ್ತಾ, ಒಂದಿಷ್ಟು ಮುಳುಗುತ್ತಾ ಇತ್ತು. "ಅಯ್ಯೋ ಪಾಪಿ, ಕುಡಿಯೋ ನೀರಿಗೆ ಬೇಳೆ ಸುರಿದ್ಯಲ್ಲೋ. ನಾಳೆ ಹೊತ್ತಿಗೆ ಕೊಳೆತು ನಾರುತ್ತಲ್ಲೋ" ಅಂತ ಬಾಯಿ ಬಡಿದುಕೊಂಡ. ಬಡಿದುಕೊಂಡದ್ದು ಕೇಳಿ ಪಾಳ್ಯದವರೆಲ್ಲಾ ಬಂದರು.

ಆ ಕಡೆಯಲ್ಲಿ ಒಂದು ಪದ್ಧತಿ. ಬಾವಿ ಕೆಡಿಸಿದವನೇ ಬಾವಿಗೆ ಇಳಿದು ನೀರೆಲ್ಲಾ ಖಾಲಿ ಮಾಡಿಸಿ ತೊಳೀಬೇಕು. ಬಾವಿಯಲ್ಲಿ ಪಾಲು ಇರೋರು ತಮ್ಮ ತಮ್ಮ ಹಗ್ಗ ತಂದು ಮೇಲಿಂದ ಸೇದಬೇಕು. ಹಗ್ಗ ತರದವನಿಗೆ ಪಾಲಿಲ್ಲ.

"ಇಳೀಪ್ಪಾ" ಅಂದರು.

"ಹಂಗೇ ಆಗ್ಲಿ" ಅಂದ ಬೋರಲಿಂಗ. ಅಡ್ಡಪಂಚೆ ಎತ್ತಿ ಕಟ್ಟಿದ, ಕಲ್ಲು ಮೆಟ್ಟಿಲು ಹಿಡಿದು ಇಳಿದ.

ಚೌಡಪ್ಪ ತನ್ನ ಹಗ್ಗ ತಂದ. ಅಷ್ಟರಲ್ಲಿ ಪಕ್ಕದ ಮನೆಯಿಂದ ಪುಟ್ಟೀರಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಹೆಗಲ ಮೇಲೆ ದಪ್ಪ ಹಗ್ಗದ ಸಿಂಬಿ ಹೊತ್ತು ಬಂದಳು.

"ನೀವ್ಯಾಕಜ್ಜಿ ತ್ರಾಸ ತಗೋತೀರ, ಹೋಗಿ ಕೂತ್ಕೊಳ್ಳಿ" ಅಂದ ಚೌಡಪ್ಪ, ಬಹಳ ಮೆತ್ತಗೆ.

"ಕೂರ್ತೀನಿ ಕಣಪ್ಪಾ, ನನ್ನ ಪಾಲು ಸೇದಿದ ಮೇಲೆ ಕೂರ್ತೀನಿ" ಅಂದಳು ಅಜ್ಜಿ, ಬಹಳ ಗಟ್ಟಿಯಾಗಿ.

ಇತ್ತ ಸಂತೇಪೇಟೆಗೆ ಸುದ್ದಿ ಹೋಯಿತು. ಸುದ್ದಿ ಹೊರಡುವಾಗ 'ಬೋರಲಿಂಗ ಬಾವಿಗೆ ಇಳಿದವನೆ' ಅಂತ ಇತ್ತು. ಮುಟ್ಟುವಾಗ 'ಬಾವಿಗೆ ಬಿದ್ದವನೆ' ಅಂತ ಆಗಿತ್ತು. ದ್ಯಾವೀರಮ್ಮ ಒಲೆ ಮೇಲಿನ ಇಡ್ಲಿಯನ್ನು ಒಲೆ ಮೇಲೇ ಬಿಟ್ಟು, ಮಂಡಿನೋವನ್ನೂ ಮರೆತು, ಸಿಕ್ಕಿದ ಆಟೋ ಹತ್ತಿ ಬಂದಳು. ದಾರಿಯಲ್ಲೆಲ್ಲಾ ಒಂದೇ ಮಾತು: ನನಗೆ ಬಾವಿ ಬೇಡ ಕಣಪ್ಪಾ ದೇವರೇ, ಮಗ ಸಾಕು.

ಜನರನ್ನು ತಳ್ಳಿಕೊಂಡು ಕಟ್ಟೆಗೆ ಬಂದು ಬಗ್ಗಿದಳು. ಕೆಳಗೆ ಮೊಣಕಾಲುದ್ದ ನೀರಿನಲ್ಲಿ ಮಗ ಬಿಂದಿಗೆ ತುಂಬಿಸುತ್ತಾ ನಿಂತಿದ್ದ.

"ಮಗಾ, ಬದುಕಿದ್ದೀಯೇನೋ?"

"ಯಾರೂ ಸಾಯಿ ಅನ್ಲಿಲ್ಲವ್ವಾ."

ದ್ಯಾವೀರಮ್ಮ ಕಟ್ಟೆ ಮೇಲೆ ಕುಸಿದು ಕೂತು, ಸೆರಗಿನಿಂದ ಕಣ್ಣೂ ಮೂಗೂ ಒಟ್ಟಿಗೇ ಒರೆಸಿಕೊಂಡಳು. ಕೆಳಗಿನಿಂದ ಬಿಂದಿಗೆ ಬರುತ್ತಲೇ ಇತ್ತು. ನೀರಿನ ಜೊತೆ ನೆಂದ ಬೇಳೆ ಬಂತು. ಬೇಳೆಯ ಜೊತೆ ಪಾಳ್ಯದವರು ಕಳಕೊಂಡದ್ದೆಲ್ಲಾ ಬಂತು: ಯಾರದೋ ಸೌಟು, ಯಾರದೋ ಚೊಂಬು, ಯಾವಳೋ ಸೊಸೆಯ ಮೇಲೆ ಕಳ್ಳತನ ಹೊರಿಸಿದ್ದ ಒಂದು ಬೆಳ್ಳಿ ಕಾಲುಂಗುರ. ಆ ಸೊಸೆ ಅಲ್ಲೇ ನಿಂತಿದ್ದಳು. ಅತ್ತೆಯ ಕಡೆ ತಿರುಗಿ ನೋಡಿದಳು. ಅತ್ತೆಗೆ ಇದ್ದಕ್ಕಿದ್ದ ಹಾಗೆ ಮನೆಯಲ್ಲಿ ಕೆಲಸ ನೆನಪಾಯಿತು.

ಕೊನೆಗೆ ಬೋರಲಿಂಗನ ದನಿ ಕೇಳಿಸಿತು. "ಖಾಲಿ ಆಗ್ತಾನೇ ಇಲ್ಲ ಕಣ್ರಪ್ಪಾ. ಮೂಲೇಲಿ ಕಲ್ಲು ಸಂದಿಯಿಂದ ಬುಳುಬುಳು ಅಂತ ಬತ್ತಾನೇ ಐತೆ. ಆ ಕಡೆ ಇನ್ನೊಂದು. ನೀವು ಖಾಲಿ ಮಾಡು ಅಂದ್ರಿ. ಮಣ್ಣು ಮೆತ್ತಿ ಮುಚ್ಚಿಬಿಡ್ಲಾ?"

"ಮುಚ್ಚಬೇಡಪ್ಪೋ!" ಅಂತ ಇಡೀ ಪಾಳ್ಯ ಒಂದೇ ಬಾಯಲ್ಲಿ ಕೂಗಿತು. "ಅದು ಸೆಲೆ ಕಣೋ, ಬಾವಿಯ ಜೀವ!"

ದ್ಯಾವೀರಮ್ಮ ತಲೆ ಎತ್ತಿದಳು. ಎರಡು ಸೆಲೆ. ಅದೂ ಮಳೆ ನಿಂತು ತಿಂಗಳುಗಳಾದ ಮೇಲೆ. ಅವಳ ಎದೆ ಹಗುರಾಯಿತು. ಆಗ ಅವಳ ಕಣ್ಣಿಗೆ ರಾಟೆಗಳು ಬಿದ್ದವು. ಒಂದು ರಾಟೆಯಲ್ಲಿ ಚೌಡಪ್ಪನ ಹಗ್ಗ. ಇನ್ನೊಂದರಲ್ಲಿ?

"ಈ ಹಗ್ಗ ಯಾರದು?"

"ನಂದು ಕಣವ್ವ" ಅಂದಳು ಪುಟ್ಟೀರಜ್ಜಿ. "ಅರ್ಧ ಬಾವಿ ನಂದು. ಅವತ್ತೇ ನಿನ್ನ ಮಗನ ಚೊಂಬಿಗೆ ಹೇಳಿದ್ನಲ್ಲ, ಚೊಂಬು ನಿನಗೆ ಹೇಳ್ಲಿಲ್ವಾ?"

ಚೌಡಪ್ಪ ಆಕಾಶ ನೋಡಿದ. ಆಕಾಶದಲ್ಲಿ ಏನೂ ಇರಲಿಲ್ಲ.

"ಏನ್ ಗೌಡ್ರೇ, ಅರ್ಧ ಬಾವಿ ತೋರಿಸಿ ಪೂರ್ತಿ ಬಾವಿ ಬೆಲೆ ಹೇಳಿದ್ರಿ" ಅಂದಳು ದ್ಯಾವೀರಮ್ಮ.

"ಹೇಳೋಣ ಅಂತಿದ್ದೆ ಕಣಮ್ಮ, ಮರೆತೆ."

"ನನ್ನ ಮಗ ಮರೀತಾನೆ ಅಂದ್ರೆ ನಂಬ್ತೀನಿ. ನೀವು ಮರೀತೀರಾ?"

ಪಾಳ್ಯ ನಕ್ಕಿತು. ಬಂದಿದ್ದ ಹೆಂಗಸರು ಬಾವಿಯಿಂದ ಬಂದ ಬೇಳೆಯನ್ನೇ ತೊಳೆದು, ಸೆಲೆಯ ಹೊಸ ನೀರಿಗೆ ಹಾಕಿ ಒಲೆಗೆ ಇಟ್ಟರು. ಮುದ್ದೆ ಆಗುವಷ್ಟರಲ್ಲಿ ಬೇಳೆ ಕರಗಿ ಹೋಗಿತ್ತು. ದ್ಯಾವೀರಮ್ಮ ಸೌಟಿನಿಂದ ಒಂದು ಕಾಳು ತೆಗೆದು ಹೆಬ್ಬೆರಳಿಂದ ಒತ್ತಿದಳು. ಇತ್ತು ಅನ್ನೋ ಗುರುತೇ ಇಲ್ಲ. ಕಣ್ಣು ಮುಚ್ಚಿ ಒಂದು ಗುಟುಕು ನೀರು ಕುಡಿದಳು. ಆಮೇಲೆ ಎದ್ದು ನಿಂತು, ಚೌಡಪ್ಪನಿಗೆ ಬೆಲೆ ಇಳಿಸಲು ಹೇಳಿದಳು. ತಿಪ್ಪೆ ತೆಗೆದು ಹೊಲದ ಆಚೆ ಹಾಕಲು ಹೇಳಿದಳು. ಅರ್ಧ ಬಾವಿ ಅಂತಲೇ ಪತ್ರದಲ್ಲಿ ಬರೆಸಲು ಹೇಳಿದಳು. ಅಷ್ಟು ಜನರ ಎದುರಿಗೆ ಚೌಡಪ್ಪ ಎಲ್ಲದಕ್ಕೂ ಹೂಂ ಅಂದ. ಪೇಟೆಯವರ ಸುದ್ದಿಯನ್ನು ಆಮೇಲೆ ಅವನೂ ಎತ್ತಲಿಲ್ಲ, ಇವಳೂ ಕೇಳಲಿಲ್ಲ.

ಮಗ ಮೇಲೆ ಬಂದು ನೀರು ತೊಟ್ಟಿಕ್ಕಿಸುತ್ತಾ ನಿಂತ. ಬೈಯಬೇಕು ಅಂತ ಅವ್ವ ಬಾಯಿ ತೆರೆದಳು. ಬೈಯೋಕೆ ಏನೂ ಸಿಗಲಿಲ್ಲ. ಆದರೂ ಅಭ್ಯಾಸ ನೋಡಿ, ಒಂದು ಬುದ್ಧಿಮಾತು ಹೇಳದೆ ಇರಲಾಗಲಿಲ್ಲ.

"ನೋಡ್ಲಾ ಬೋರ, ಇನ್ನು ಮೇಲೆ ಈ ಬಾ‌ವೀಲಿ ಅರ್ಧ ನಮ್ದು, ಅರ್ಧ ಅಜ್ಜಿದು. ಅಜ್ಜಿ ಪಾಲಿಗೆ ನಾವು ಕೈ ಹಾಕಬಾರ್ದು. ನ್ಯಾಯವಾಗಿರ್ಬೇಕು."

"ಹಂಗೇ ಆಗ್ಲವ್ವಾ."

ಒಳ್ಳೆಯ ದಿನ ನೋಡಿ ಮನೆಗೆ ಬಂದರು. ಹಾಲು ಉಕ್ಕಿಸಬೇಕು, ಅದಕ್ಕೂ ಮೊದಲು ಮನೆಯೊಳಗೆ ಬಾವಿಯ ಮೊದಲ ಕೊಡ ಬರಬೇಕು. ದ್ಯಾವೀರಮ್ಮ ಹೊಸ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವು ಸುತ್ತಿ, ಮಗನ ಕೈಗೆ ಕೊಟ್ಟಳು. "ತುಂಬಿಸ್ಕೊಂಡು ಬಾರಪ್ಪಾ."

ಒಲೆ ಹಚ್ಚಿ ಕಾದಳು. ಕೊಡ ಬರಲಿಲ್ಲ. ಸೌದೆ ಉರಿದು ಕೆಂಡವಾಯಿತು. ಕೊಡ ಬರಲಿಲ್ಲ. ರಾಟೆಯ ಕಿರಕಿರ ಮಾತ್ರ ನಿಲ್ಲದೆ ಕೇಳಿಸುತ್ತಿತ್ತು. ಹೊಸ ಸೌದೆ ಒಟ್ಟಿ ಹಿತ್ತಲಿಗೆ ಬಂದಳು.

ಬಾವಿಯ ಬಾಯಿಗೆ ಅಡ್ಡಲಾಗಿ, ಸರಿಯಾಗಿ ನಡುವೆ, ಒಂದು ಬಿದಿರು ಗಳ ಕಟ್ಟಿತ್ತು. ಬೋರಲಿಂಗ ಗಳದ ಈ ಕಡೆಯಿಂದ ಒಂದು ಬಿಂದಿಗೆ ಸೇದಿದ. ಬಗ್ಗಿ ನೋಡಿದ. ಮುಖ ಸಣ್ಣಗೆ ಮಾಡಿಕೊಂಡ. ಸೇದಿದ ಬಿಂದಿಗೆಯನ್ನು ಗಳದ ಆ ಕಡೆಗೆ ಸುರಿದ. ಮತ್ತೆ ಸೇದಿದ. ಮತ್ತೆ ಸುರಿದ. ಬೆವರು ಸುರಿಯುತ್ತಿತ್ತು. ಕೊಡ ಒಣಗಿತ್ತು.

"ಏನ್ ಮಾಡ್ತಿದ್ದೀಯ್ಲಾ?"

"ನ್ಯಾಯ ಮಾಡ್ತಿದ್ದೀನಿ ಕಣವ್ವ. ನಮ್ಮ ಕಡೆಯಿಂದ ಒಂದು ಬಿಂದಿಗೆ ಸೇದಿದ್ರೆ, ಆ ಜಾಗಕ್ಕೆ ಅಜ್ಜಿ ಕಡೆ ನೀರು ಸರ್ ಅಂತ ಬಂದ್ಬಿಡ್ತೈತೆ. ಅದು ಕಳ್ಳತನ ಆಗಲ್ವಾ? ಅದಕ್ಕೇ ಅಷ್ಟನ್ನೇ ಅಜ್ಜಿ ಕಡೆಗೆ ಹಾಕ್ತೀನಿ. ಹಾಕಿದ್ರೆ ಆ ಕಡೆಯದು ಮತ್ತೆ ಈ ಕಡೆ ಬತ್ತೈತೆ. ಬೆಳಗಿಂದ ಲೆಕ್ಕ ಸರಿ ಹೋಗ್ತಾನೇ ಇಲ್ಲ."

ಪುಟ್ಟೀರಜ್ಜಿ ತನ್ನ ಕೊಡ ಇಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದಳು. "ನಾನು ಬಂದು ಬಹಳ ಹೊತ್ತಾಯ್ತು ದ್ಯಾವೀರವ್ವಾ. ಇರಜ್ಜಿ, ನಿನ್ನ ಬಾಕಿ ತೀರಿಸ್ತೀನಿ ಅಂತಾನೆ."

ದ್ಯಾವೀರಮ್ಮ ಕಟ್ಟೆ ಮೇಲೆ ಕೂತಳು. ಜೀವಮಾನವಿಡೀ ಕಾದ ಬಾವಿ, ಕೈಗೆಟುಕುವಷ್ಟು ಹತ್ತಿರ, ತುಂಬಿ ನಿಂತಿದೆ. ಹಾಲು ಒಳಗೆ ಕಾಯುತ್ತಿದೆ.

"ನೀರಿಗೆ ಗೆರೆ ಐತೇನ್ಲಾ ಮಂಕೇ? ಅದು ಯಾರ ಪಾಲಿಂದು ಅಂತ ಆ ನೀರಿಗೇ ಗೊತ್ತಿಲ್ಲ. ಅಷ್ಟು ಅನುಮಾನ ಇದ್ರೆ ಅದು ಹುಟ್ಟೋ ಕಡೆ ಹೋಗಿ ಕೇಳ್ಕೊಂಡು ಬಾ."

ಬೋರಲಿಂಗ ಬಿಂದಿಗೆ ಕೆಳಗಿಟ್ಟ. ಅವನ ಮುಖ ಅರಳಿತು. ಇಷ್ಟು ದಿನ ಒಂದೇ ಕಡೆ ಇದ್ದು ಅವನ ಕಾಲಿಗೂ ಜಡ್ಡು ಹಿಡಿದಂತಾಗಿತ್ತು.

"ಹಂಗೇ ಆಗ್ಲವ್ವಾ. ಅಜ್ಜಿ, ಇದು ಎಲ್ಲಿ ಹುಟ್ಟುತ್ತೆ?"

"ನನಗೇನು ಗೊತ್ತಪ್ಪಾ. ಆ ಗುಡ್ಡದ ಕಡೆಯಿಂದ ನೆಲದೊಳಗೇ ಬತ್ತೈತೆ ಅಂತಿದ್ರು ನಮ್ಮ ಯಜಮಾನರು. ಗುಡ್ಡಕ್ಕೆ ಎಲ್ಲಿಂದ ಬತ್ತೈತೋ."

"ಗುಡ್ಡವನ್ನೇ ಕೇಳ್ತೀನಿ. ಅದು ಎಲ್ಲಿಗೆ ಹೋಗು ಅಂದ್ರೆ ಅಲ್ಲಿಗೆ ಹೋಯ್ತೀನಿ."

ಒಳಗೆ ಹೋದ. ಕಂಬಳಿ ಹಾಸಿದ. ಅಂಗಿ ಇಟ್ಟ, ಟವೆಲ್ ಇಟ್ಟ, ನಾಲ್ಕು ರೊಟ್ಟಿ ಸುತ್ತಿ ಇಟ್ಟ. ಹೊರಗೆ ಹೋಗಿ ಏನೋ ಹೊತ್ತು ತಂದು ಅದನ್ನೂ ಕಂಬಳಿಯ ಮೇಲೆ ಹಾಕಿದ. ದ್ಯಾವೀರಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಸುಮ್ನೆ ಒಂದು ಮಾತಿಗೆ ಅಂದೆ ಕಣ್ಲಾ. ಎಲ್ಲಿಗೂ ಹೋಗೋದು ಬೇಡ."

"ಅಂದ ಮೇಲೆ ಆಯ್ತಲ್ಲವ್ವಾ. ಇತ್ಯರ್ಥ ಮಾಡ್ಕೊಂಡೇ ಬತ್ತೀನಿ."

"ಹೋಗೋದಾದ್ರೆ ಹೋಗು, ಸೇದೋ ಹಗ್ಗ ಯಾಕ್ಲಾ ಗಂಟು ಕಟ್ತಿದ್ದೀಯ?"

"ಇತ್ಯರ್ಥ ಆಗೋವರೆಗೂ ಯಾರೂ ಸೇದಬಾರ್ದು ಕಣವ್ವ. ಸೇದಿದ್ರೆ ಲೆಕ್ಕ ಇನ್ನೂ ಕೆಡ್ತೈತೆ."

ಅಷ್ಟರಲ್ಲಿ ಹಿತ್ತಲಿಂದ ಪುಟ್ಟೀರಜ್ಜಿಯ ದನಿ ಬಂತು. "ದ್ಯಾವೀರವ್ವಾ, ನನ್ನ ಹಗ್ಗ ಕಂಡ್ಯೇನೇ? ಇಲ್ಲೇ ರಾಟೇಲಿ ಇತ್ತು."

ಬೋರಲಿಂಗ ಗಂಟಿನ ಮೇಲೆ ಮೊಣಕಾಲೂರಿ, ಎರಡು ಹಗ್ಗವೂ ಒಳಗೆ ಹೋಗುವಂತೆ ಒತ್ತಿ, ಕಂಬಳಿಯ ಕೊನೆಗಳನ್ನು ಬಿಗಿದ.

"ಅಜ್ಜಿದೂ ಇದ್ರಲ್ಲೇ ಐತೆ ಅನ್ನವ್ವಾ. ಒಬ್ಬರದೇ ತಗೊಂಡು ಹೋದ್ರೆ ನ್ಯಾಯ ಅಲ್ಲ."